ಚಾರ್ಮಾಡಿಯ ತಿರುವಿನಲ್ಲಿ ಒಂದು ‘ಟಕ್’ ಸದ್ದು

ಕರಾವಳಿಯಿಂದ ಘಟ್ಟ ಹತ್ತುವವರಿಗೆ ದಾರಿಗಳು ಹಲವು. ಶಿರಾಡಿಯಲ್ಲಿ ಹೋದರೆ ಸಕಲೇಶಪುರ, ಸಂಪಾಜೆಯಲ್ಲಿ ಹೋದರೆ ಮಡಿಕೇರಿ, ಆಗುಂಬೆಯಲ್ಲಿ ಹೋದರೆ ತೀರ್ಥಹಳ್ಳಿ. ಆದರೆ ಬೈಕಿನಲ್ಲಿ ಘಟ್ಟ ನೋಡುತ್ತಾ ಹೋಗಬೇಕೆನ್ನುವವರು ಒಮ್ಮೆಯಾದರೂ ಹಿಡಿಯಬೇಕಾದ ದಾರಿ ಚಾರ್ಮಾಡಿಯದು. ಶಿರಾಡಿಯಲ್ಲಿ ಲಾರಿಗಳ ಹಿಂಬದಿಯನ್ನು ನೋಡಿಯೇ ದಾರಿ ಮುಗಿಯುತ್ತದೆ. ಚಾರ್ಮಾಡಿಯಲ್ಲಿ ಬೆಟ್ಟವನ್ನೂ ನೋಡಬಹುದು.

ಮಂಗಳೂರಿನಿಂದ ಹೊರಟರೆ ಬಿ.ಸಿ.ರೋಡ್, ಪುಂಜಾಲಕಟ್ಟೆ, ಗುರುವಾಯನಕೆರೆ, ಬೆಳ್ತಂಗಡಿ, ಉಜಿರೆ. ಹಿಂದೆ 234 ಎಂಬ ಸಂಖ್ಯೆಯಿದ್ದು ಈಗ 73 ಎಂದು ಕರೆಯಲ್ಪಡುವ ರಾಷ್ಟ್ರೀಯ ಹೆದ್ದಾರಿ ಇದು. ಉಜಿರೆಯಲ್ಲಿ ಯಾತ್ರಿಕರ ಬಸ್ಸುಗಳೆಲ್ಲ ಧರ್ಮಸ್ಥಳದ ಕಡೆಗೆ ತಿರುಗಿಕೊಳ್ಳುತ್ತವೆ. ನೀವು ನೇರ ಹೋಗಿ. ಮುಂಡಾಜೆಯ ಅಡಿಕೆ ತೋಟಗಳು, ಕಕ್ಕಿಂಜೆಯ ಸಣ್ಣ ಪೇಟೆ, ಆಮೇಲೆ ಚಾರ್ಮಾಡಿ ಎಂಬ ಹಳ್ಳಿ. ಅಲ್ಲಿಂದ ರಸ್ತೆ ಮೈ ತಿರುಗಿಸಿ ಮೇಲೇರತೊಡಗುತ್ತದೆ. ಪೆಟ್ರೋಲು ನೋಡಿಕೊಳ್ಳುವುದಿದ್ದರೆ, ಟಯರಿಗೆ ಗಾಳಿ ಹಾಕಿಸುವುದಿದ್ದರೆ ಉಜಿರೆಯಲ್ಲೇ ಮುಗಿಸಿಕೊಳ್ಳುವುದು ಲೇಸು. ಮೇಲೆ ಕೊಟ್ಟಿಗೆಹಾರ ಮುಟ್ಟುವವರೆಗೆ ನಡುವೆ ಅಂಗಡಿ ಮುಂಗಟ್ಟು ಎಂದು ನೆಚ್ಚಿಕೊಳ್ಳುವಂಥದ್ದೇನೂ ಇಲ್ಲ. ಹೆಚ್ಚಿನ ಕಡೆಗಳಲ್ಲಿ ಮೊಬೈಲ್ ಸಿಗ್ನಲ್ಲೂ ಇಲ್ಲ.

ಈ ಬೆಟ್ಟ ಸುಲಭದ ಬೆಟ್ಟವಲ್ಲ. 2019ರ ಆಗಸ್ಟಿನ ಮಳೆಗೆ ಇಲ್ಲಿ ಹಲವೆಡೆ ಗುಡ್ಡ ಕುಸಿದು, ರಸ್ತೆ ಕೊಚ್ಚಿಹೋಗಿ ಸಂಚಾರವೇ ನಿಂತುಹೋಗಿತ್ತು. ತಿಂಗಳುಗಳ ಬಳಿಕ ಮೊದಲು ಸಣ್ಣ ವಾಹನಗಳಿಗೆ, ಆಮೇಲೆ ದೊಡ್ಡವುಗಳಿಗೆ ದಾರಿ ತೆರೆಯಿತು. ಒಂದು ಬದಿಗೆ ನೀರು ಜಿನುಗುವ ಬಂಡೆ, ಇನ್ನೊಂದು ಬದಿಗೆ ಕಣ್ಣಿಗೆ ನಿಲುಕದ ಕಣಿವೆ. ಮಳೆಗಾಲದಲ್ಲಿ ರಸ್ತೆಯ ಪಕ್ಕದಲ್ಲೇ ಧುಮುಕುವ ಅಬ್ಬಿಗಳನ್ನು ಎಣಿಸಲು ಹೋದರೆ ಲೆಕ್ಕ ತಪ್ಪುತ್ತದೆ. ಈಚಿನ ವರ್ಷಗಳಲ್ಲಿ ಈ ರಸ್ತೆಯಲ್ಲಿ ಕಾಡಾನೆ ಕಾಣಿಸಿಕೊಂಡ ಸುದ್ದಿಯನ್ನು ನೀವೂ ಪತ್ರಿಕೆಗಳಲ್ಲಿ ಓದಿರಬಹುದು. ಇಂತಹ ಕಡೆ ಬೈಕು ಕೈಕೊಟ್ಟರೆ ಏನಾಗುತ್ತದೆ ಎಂಬುದೇ ಈ ಬರಹ.

ನನ್ನವರು ಸಂತೆಯಿಂದ ಸಂತೆಗೆ ಹೋಗಿ ಮಕ್ಕಳ ಬಟ್ಟೆ ಮಾರುವವರು. ಅವರ ಅಂಗಡಿ, ಗೋದಾಮು ಎಲ್ಲವೂ ಆ ಬೈಕೇ. ಅದು ಹೊರಡದ ದಿನ ನಮ್ಮ ಮನೆಗೆ ಸಂಪಾದನೆ ಇಲ್ಲದ ದಿನ. ಬೈಕಿಗೆ ಕಿಕ್ಕರ್ ಇಲ್ಲ. ಈಗಿನ ಎಷ್ಟೋ ಬೈಕುಗಳಿಗೆ ಇಲ್ಲ. ಬಟನ್ ಒತ್ತಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಮಳೆಗಾಲ ಶುರುವಾದಂದಿನಿಂದ ಅದು ಬೆಳಿಗ್ಗೆ ಒಮ್ಮೊಮ್ಮೆ ಮುಷ್ಕರ ಹೂಡುತ್ತಿತ್ತು. ಊರಿನ ಒಂದು ವರ್ಕ್‌ಶಾಪಿನಲ್ಲಿ ತೋರಿಸಿದಾಗ ಬ್ಯಾಟರಿ ಹೋಗಿದೆ ಎಂದು ಹೊಸದು ಹಾಕಿದರು. ಮೂರು ವಾರ ಸರಿಯಿತ್ತು, ಮತ್ತೆ ಅದೇ ಕತೆ. ಎರಡನೆಯ ಸಲ ಹೋದಾಗ, ಸ್ಟಾರ್ಟರ್ ಮೋಟಾರೇ ಹೋಗಿದೆ, ಬದಲಿಸಬೇಕು, ಮೂರು ಸಾವಿರದ ಮೇಲಾಗುತ್ತದೆ ಎಂದರು. ಯಾವ ಪರೀಕ್ಷೆಯನ್ನೂ ಮಾಡದೆ ಹೇಳಿದ ಮಾತದು. ಮಳೆಗಾಲದ ಸಂತೆಯಲ್ಲಿ ಮೂರು ಸಾವಿರ ಉಳಿಸಲು ಎಷ್ಟು ಅಂಗಿ ಮಾರಬೇಕೆಂದು ಹೇಳಿದವರಿಗೆ ಗೊತ್ತಿರಲಿಕ್ಕಿಲ್ಲ. ಸಂತೆಯ ಸೀಸನ್ ಬರಲಿ, ಆಮೇಲೆ ನೋಡೋಣ ಎಂದು ನನ್ನವರು ಹಿಂದೆ ಬಂದಿದ್ದರು.

ಅಷ್ಟರಲ್ಲಿ ಮೂಡಿಗೆರೆಯಲ್ಲಿರುವ ನನ್ನ ಚಿಕ್ಕಮ್ಮನಿಂದ ಫೋನು ಬಂತು. ಮರುದಿನ ಬೆಳಿಗ್ಗೆ ಅವರಿಗೆ ಕಣ್ಣಿನ ಶಸ್ತ್ರಚಿಕಿತ್ಸೆ. ಮಗ ಗಲ್ಫಿನಲ್ಲಿ. ರಾತ್ರಿ ಜೊತೆಗಿದ್ದು ಬೆಳಿಗ್ಗೆ ಆಸ್ಪತ್ರೆಗೆ ಕರೆದೊಯ್ಯಲು ಯಾರೂ ಇಲ್ಲ. ಮಕ್ಕಳನ್ನು ಉಮ್ಮನ ಬಳಿ ಬಿಟ್ಟು, ಮಧ್ಯಾಹ್ನದ ಊಟ ಮುಗಿಸಿ ನಾವಿಬ್ಬರೂ ಹೊರಟೆವು. ಸೆಪ್ಟೆಂಬರ್ ತಿಂಗಳು. ಮಳೆ ಬಿಟ್ಟಿತ್ತು, ಆದರೆ ಬೆಟ್ಟದ ಮೇಲೆ ಮೋಡ ಇಳಿದಿತ್ತು.

ಆಲೇಕಾನ್ ಅಬ್ಬಿಯ ಸಮೀಪ ನನ್ನವರು ಬೈಕು ನಿಲ್ಲಿಸಿದರು. ಹಿಂದೆ ಕಟ್ಟಿದ್ದ ಚೀಲ ಸಡಿಲವಾಗಿತ್ತು. ಕಟ್ಟಿ ಬಿಗಿಮಾಡಿ ಬಟನ್ ಒತ್ತಿದರೆ ‘ಟಕ್’ ಎಂದಿತು. ಒಂದೇ ಟಕ್. ಮತ್ತೊಮ್ಮೆ ಒತ್ತಿದರೆ ಮತ್ತೊಂದು ಟಕ್. ಅಬ್ಬಿಯ ಸದ್ದಿನ ನಡುವೆಯೂ ಅದು ನನಗೆ ಸ್ಪಷ್ಟವಾಗಿ ಕೇಳಿಸಿತು. ಗಂಟೆ ನಾಲ್ಕೂವರೆ ದಾಟಿತ್ತು. ಕೆಳಗಿನಿಂದ ಮಂಜು ಹೊಗೆಯಂತೆ ಏರಿ ಬರುತ್ತಿತ್ತು.

ಓದುಗರೇ, ಇಂತಹ ಹೊತ್ತಿನಲ್ಲಿ ಮೊದಲು ಮಾಡಬೇಕಾದದ್ದು ಬಟನ್ ಬಿಡುವುದು. ಒತ್ತಿದ್ದನ್ನೇ ಒತ್ತುತ್ತಿದ್ದರೆ ಇರುವ ಬ್ಯಾಟರಿಯೂ ಬಳಲುತ್ತದೆ. ಆಮೇಲೆ ನೋಡಬೇಕಾದವು ಬಹಳ ಸಣ್ಣ ವಿಷಯಗಳು. ಹ್ಯಾಂಡಲಿನ ಬಲಗಡೆಯ ಕೆಂಪು ಸ್ವಿಚ್ಚು ಯಾರದೋ ಕೈ ತಾಗಿ ಆಫ್ ಆಗಿದೆಯೇ? ನ್ಯೂಟ್ರಲ್‌ನ ಹಸಿರು ದೀಪ ಉರಿಯುತ್ತಿದೆಯೇ? ಸೈಡ್ ಸ್ಟ್ಯಾಂಡ್ ಮಡಚಿದೆಯೇ? ಹಲವು ಬೈಕುಗಳಲ್ಲಿ ಗೇರಿನಲ್ಲಿದ್ದಾಗ ಕ್ಲಚ್ ಹಿಡಿಯದಿದ್ದರೆ ಸ್ಟಾರ್ಟರಿಗೆ ಅಪ್ಪಣೆಯೇ ಸಿಗುವುದಿಲ್ಲ. ಇದ್ಯಾವುದರಲ್ಲಾದರೂ ದೋಷವಿದ್ದರೆ ಬಟನ್ ಒತ್ತಿದಾಗ ಸಾಮಾನ್ಯವಾಗಿ ಆ ‘ಟಕ್’ ಕೂಡ ಕೇಳಿಸುವುದಿಲ್ಲ. ನಮಗೆ ಕೇಳಿಸುತ್ತಿತ್ತು. ಅಂದರೆ ಬಟನ್ನಿನ ಮಾತು ಒಳಗೆ ತಲುಪುತ್ತಿತ್ತು. ತಲುಪಿದ ಮೇಲೆ ಕೆಲಸ ಆಗುತ್ತಿರಲಿಲ್ಲ.

ತರಕಾರಿ ಇಳಿಸಿ ಖಾಲಿ ಹಿಂದಿರುಗುತ್ತಿದ್ದ ಟೆಂಪೋ ಒಂದು ನಿಂತಿತು. ಚಾಲಕ ಇಳಿದು ಬಂದವರೇ, “ಹಾರ್ನ್ ಹೊಡೀರಿ ನೋಡುವ” ಎಂದರು. ಹಾರ್ನ್ ಕಣಿವೆಯೆಲ್ಲ ಮೊಳಗಿತು. “ಹೆಡ್‌ಲೈಟ್ ನೋಡ್ತಾ ಬಟನ್ ಒತ್ತಿ.” ಒತ್ತಿದರೆ ದೀಪ ಮಂಕಾಗಲಿಲ್ಲ. “ಬ್ಯಾಟರಿ ಉಂಟು ಮಾರಾಯ್ರೆ, ಬೇರೆ ಎಂತದೋ” ಎಂದು ಅವರು ತೀರ್ಪು ಕೊಟ್ಟರು. ಸಾವಿರಾರು ರೂಪಾಯಿಯ ಯಂತ್ರವಿಲ್ಲದೆ, ಅರ್ಧ ನಿಮಿಷದಲ್ಲಿ, ನಿಂತ ನಿಲುವಿನಲ್ಲಿ ಮಾಡಿದ ಪರೀಕ್ಷೆ ಅದು. ನೀವೂ ಮಾಡಬಹುದು. ದೀಪ ಸತ್ತಂತೆ ಮಂಕಾದರೆ ಬ್ಯಾಟರಿಯನ್ನೋ ಅದರ ಕೊಂಡಿಗಳನ್ನೋ ಸಂಶಯಿಸಿ. ದೀಪ ಹಾಗೆಯೇ ಇದ್ದರೆ ವಿದ್ಯುತ್ತು ಮೋಟಾರಿನವರೆಗೆ ಹೋಗುತ್ತಿಲ್ಲ, ಅಥವಾ ಹೋಗಿ ಹಿಂದೆ ಬರುತ್ತಿಲ್ಲ ಎಂದು ತಿಳಿಯಿರಿ.

ತಳ್ಳಿ ಸ್ಟಾರ್ಟ್ ಮಾಡುವುದು ಉಳಿದ ದಾರಿ. ಆದರೆ ನಾವು ಏರುಮುಖವಾಗಿ ನಿಂತಿದ್ದೆವು. ಘಟ್ಟದಲ್ಲಿ ಬೈಕನ್ನು ಮೇಲಕ್ಕೆ ತಳ್ಳಿ ಓಡುವುದು ಆಗದ ಮಾತು. ಬೈಕನ್ನು ಬಂದ ದಾರಿಯ ಕಡೆಗೆ ತಿರುಗಿಸಿ, ಇಳಿಜಾರಿನಲ್ಲಿ ಬಿಟ್ಟು, ಸ್ಟಾರ್ಟ್ ಆದ ಮೇಲೆ ಅಗಲವಾದ ಜಾಗ ನೋಡಿ ಮತ್ತೆ ತಿರುಗಿಸಿಕೊಳ್ಳಬೇಕು. ಟೆಂಪೋದವರು ತಿರುವಿನಲ್ಲಿ ನಿಂತು ಎರಡೂ ಕಡೆಯ ವಾಹನಗಳಿಗೆ ಕೈ ತೋರಿಸಿದರು. ನನ್ನವರು ಕೀ ತಿರುಗಿಸಿ, ಎರಡನೆಯ ಗೇರಿಗೆ ಹಾಕಿ, ಕ್ಲಚ್ ಹಿಡಿದುಕೊಂಡು ಬೈಕನ್ನು ಉರುಳಲು ಬಿಟ್ಟರು. ವೇಗ ಹಿಡಿದಾಗ ಕ್ಲಚ್ ಬಿಟ್ಟರೆ ಒಮ್ಮೆ ಕುಕ್ಕರಿಸಿದಂತಾಗಿ ಎಂಜಿನ್ ಎಚ್ಚರವಾಯಿತು. ಒಂದನೆಯ ಗೇರಿನಲ್ಲಿ ಇದನ್ನು ಮಾಡಿದರೆ ಹಿಂದಿನ ಚಕ್ರ ಬಿಗಿದು, ಒದ್ದೆ ರಸ್ತೆಯಲ್ಲಿ ಜಾರುವ ಅಪಾಯವಿದೆ. ಎರಡನೆಯದು ಸರಿ. ಹಿಂದೆ ಯಾರನ್ನೂ ಕೂರಿಸಿಕೊಳ್ಳಬಾರದು.

ಇನ್ನೊಂದು ಮಾತನ್ನು ಇಲ್ಲೇ ಹೇಳಿಬಿಡುತ್ತೇನೆ. ತಳ್ಳಿದರೆ ಸ್ಟಾರ್ಟ್ ಆಗುತ್ತದೆ ಎಂಬ ಭರವಸೆ ಹಳೆಯ ಬೈಕುಗಳಿಗೆ ಇದ್ದಷ್ಟು ಹೊಸತಕ್ಕೆ ಇಲ್ಲ. 2020ರ ಏಪ್ರಿಲ್ 1ರಿಂದ ನಮ್ಮಲ್ಲಿ ಬಿಎಸ್-6 ನಿಯಮ ಬಂದ ಮೇಲೆ ಬಹುತೇಕ ಬೈಕುಗಳಲ್ಲಿ ಕಾರ್ಬುರೇಟರ್ ಹೋಗಿ ಫ್ಯುಯಲ್ ಇಂಜೆಕ್ಷನ್ ಬಂದಿದೆ. ಪೆಟ್ರೋಲನ್ನು ಒತ್ತಿ ಕಳಿಸುವ ಪಂಪಿಗೂ, ಅದನ್ನು ಆಳುವ ಎಲೆಕ್ಟ್ರಾನಿಕ್ ಪೆಟ್ಟಿಗೆಗೂ ವಿದ್ಯುತ್ತು ಬೇಕು. ಬ್ಯಾಟರಿ ಪೂರ್ತಿ ಸತ್ತಿದ್ದರೆ ಎಷ್ಟು ತಳ್ಳಿದರೂ ಬೆವರು ಬರುತ್ತದೆ, ಎಂಜಿನ್ ಬರುವುದಿಲ್ಲ. 2017ರ ಏಪ್ರಿಲ್‌ನಿಂದ ಹೊಸ ದ್ವಿಚಕ್ರ ವಾಹನಗಳಿಗೆ ಹೆಡ್‌ಲೈಟ್ ಆರಿಸುವ ಸ್ವಿಚ್ಚೂ ಇಲ್ಲ, ಎಂಜಿನ್ ಓಡುತ್ತಿರುವಾಗ ಅದು ಹಗಲೂ ಉರಿಯುತ್ತಲೇ ಇರುತ್ತದೆ. ಒಟ್ಟಿನಲ್ಲಿ ಬ್ಯಾಟರಿಯ ಮೇಲೆ ಈಗಿನ ಬೈಕಿನ ಅವಲಂಬನೆ ಬಹಳ ಹೆಚ್ಚು. ನಮ್ಮ ಬ್ಯಾಟರಿಗೆ ಜೀವವಿದ್ದುದರಿಂದ ನಾವು ಪಾರಾದೆವು.

ಟೆಂಪೋದವರಿಗೆ ಹಣ ಕೊಡಹೋದರೆ ಅವರು ಬೇಡವೆಂದು ಕೈಮುಗಿದು ಕೆಳಗಿಳಿದರು. ಮುಂದೆ ಎಲ್ಲಿಯೂ ಎಂಜಿನ್ ಆರಿಸಲಿಲ್ಲ. ಮಂಜು ಎಷ್ಟು ದಟ್ಟವಾಯಿತೆಂದರೆ ನನಗೆ ಮುಂದಿನ ಚಕ್ರ ಕಾಣುತ್ತಿರಲಿಲ್ಲ. ನನ್ನವರಿಗೆ ಕಾಣುತ್ತಿತ್ತೋ ಇಲ್ಲವೋ ಕೇಳುವ ಧೈರ್ಯ ನನಗಾಗಲಿಲ್ಲ. ಬಿಳಿ ಪಟ್ಟೆಯನ್ನು ಹಿಡಿದುಕೊಂಡು ನಿಧಾನಕ್ಕೆ ಹತ್ತಿದೆವು.

ಕೊಟ್ಟಿಗೆಹಾರ ಘಟ್ಟದ ತಲೆಯಲ್ಲಿ ಕುಳಿತ ಊರು. ಇಲ್ಲಿಗೆ ಬಂದ ಮೇಲೆ ನೆಲ ಬೇರೆ, ಗಾಳಿ ಬೇರೆ. ನೀವು ಹತ್ತಿ ಬಂದ ಇಳಿಜಾರಿನ ನೀರು ನೇತ್ರಾವತಿಗೆ ಸೇರಿ ನಮ್ಮ ಮಂಗಳೂರಿನ ಅಳಿವೆಯಲ್ಲಿ ಅರಬ್ಬೀ ಸಮುದ್ರ ಕಾಣುತ್ತದೆ. ಇಲ್ಲಿಂದ ಸ್ವಲ್ಪ ಆಚೆಗೆ ಬಿದ್ದ ಮಳೆ ಹೇಮಾವತಿಯಾಗಿ ಕಾವೇರಿಯನ್ನು ಸೇರಿ ಬಂಗಾಳ ಕೊಲ್ಲಿಗೆ ಹೋಗುತ್ತದೆ. ಹೇಮಾವತಿ ಹುಟ್ಟುವುದು ಇದೇ ಮೂಡಿಗೆರೆ ತಾಲೂಕಿನ ಜಾವಳಿಯಲ್ಲಿ. ಒಂದೇ ಮೋಡ, ಎರಡು ಸಮುದ್ರ. ಘಟ್ಟ ಹತ್ತಿದವರೆಲ್ಲ ಇಲ್ಲಿ ನಿಂತು ಬಿಸಿ ನೀರುದೋಸೆ ತಿನ್ನುವುದು ವಾಡಿಕೆ. ಕರಾವಳಿಯ ನಾವು ಮನೆಯಲ್ಲಿ ದಿನವೂ ತಿನ್ನುವ ದೋಸೆಯೇ ಆದರೂ ಆ ಚಳಿಯಲ್ಲಿ ಅದರ ರುಚಿಯೇ ಬೇರೆ. ಪೂರ್ಣಚಂದ್ರ ತೇಜಸ್ವಿಯವರ ಹೆಸರಿನ ಪ್ರತಿಷ್ಠಾನ ಇರುವುದೂ ಈ ಊರಿನಲ್ಲೇ. 2007ರಲ್ಲಿ ತೀರಿಕೊಂಡ ಅವರು ಮೂಡಿಗೆರೆಯ ತೋಟದಲ್ಲಿ ಬಾಳಿದವರು. ಯಂತ್ರಗಳನ್ನು ಬಿಚ್ಚಿ ಜೋಡಿಸುವ ಹುಚ್ಚು ಅವರಿಗಿತ್ತೆಂಬುದು ಅವರ ಓದುಗರಿಗೆ ಗೊತ್ತು. ಆ ದಿನ ನಾವು ಕಂಡ ಮೆಕ್ಯಾನಿಕ್ ಅವರ ಕತೆಯಿಂದಲೇ ಎದ್ದು ಬಂದಂತಿದ್ದರು.

ಅಂಗಡಿ ಎಂದರೆ ತಗಡಿನ ಮಾಡು, ಎಣ್ಣೆ ಕುಡಿದು ಕಪ್ಪಾದ ನೆಲ, ಗೋಡೆಗೆ ನೇತುಹಾಕಿದ ಹಳೆಯ ಚೈನುಗಳು. ಅರುವತ್ತರ ಆಸುಪಾಸಿನ ಅವರು ಬಾಗಿಲು ಹಾಕುವ ತಯಾರಿಯಲ್ಲಿದ್ದರು. “ಅಣ್ಣ, ಸ್ವಲ್ಪ ನೋಡಿ. ರಾತ್ರಿಗೆ ಮೂಡಿಗೆರೆ ಮುಟ್ಟಬೇಕು” ಎಂದರು ನನ್ನವರು. ಅವರು ನನ್ನ ಕಡೆ ನೋಡಿ, “ಅಮ್ಮಾ, ಒಳಗೆ ಬೆಂಚಿನ ಮೇಲೆ ಕೂತ್ಕೊಳ್ಳಿ, ಚಳಿ ಉಂಟು” ಎಂದರು. ಆಮೇಲೆ ಎಂಜಿನ್ ಆರಿಸಲು ಹೇಳಿದರು. ಆರಿಸಲು ನನ್ನವರು ಹಿಂದೆಮುಂದೆ ನೋಡಿದರು. “ಆರಿಸದೆ ಕಾಯಿಲೆ ಹೇಗೆ ಗೊತ್ತಾಗ್ತದೆ ತಮ್ಮಾ?”

ನಾನು ಬೆಂಚಿನಲ್ಲಿ ಕೂರಲಿಲ್ಲ. ಪಕ್ಕದಲ್ಲಿ ನಿಂತು ನೋಡಿದೆ. ನೋಡಿದ್ದನ್ನು ನಿಮಗೆ ಹೇಳಲೇಬೇಕು. ಅದು ಎಲ್ಲರ ಮನೆಯ ಬೈಕಿಗೂ ಸ್ಕೂಟರಿಗೂ ಬೇಕಾಗುವ ವಿದ್ಯೆ.

ಅವರು ಮೊದಲು ಕೇಳಿದ್ದು ಯಾವಾಗಿನಿಂದ, ಏನೇನು ಮಾಡಿಸಿದ್ದೀರಿ ಎಂದು. ಹೊಸ ಬ್ಯಾಟರಿಯ ಕತೆ ಕೇಳಿ ನಕ್ಕರು. ಸೀಟು ತೆಗೆದು ಬ್ಯಾಟರಿಗೆ ಮೀಟರ್ ಹಿಡಿದರು. 12.5 ವೋಲ್ಟ್ ತೋರಿಸಿತು. ತುಂಬಿದ ಬ್ಯಾಟರಿ ಸುಮಾರು 12.6 ತೋರಿಸಬೇಕು. 12ಕ್ಕಿಂತ ಕೆಳಗಿದ್ದರೆ ಅದು ಹಸಿದಿದೆ ಎಂದರ್ಥ. ಬಟನ್ ಒತ್ತಿಸಿ ಮತ್ತೆ ನೋಡಿದರು. ಮುಳ್ಳು ಸ್ವಲ್ಪವೇ ಅಲುಗಿತು. ಮೋಟಾರು ನಿಜವಾಗಿ ತಿರುಗಿದ್ದರೆ, ಅಥವಾ ತಿರುಗಲು ಹೆಣಗಿದ್ದರೆ ವೋಲ್ಟೇಜು ಚೆನ್ನಾಗಿಯೇ ಇಳಿಯಬೇಕಿತ್ತು. ಹತ್ತರ ಹತ್ತಿರಕ್ಕೆ ಇಳಿದರೂ ಆಶ್ಚರ್ಯವಿಲ್ಲ. ಇಳಿಯಲಿಲ್ಲವೆಂದರೆ ಯಾರೂ ವಿದ್ಯುತ್ತನ್ನು ಎಳೆದುಕೊಳ್ಳುತ್ತಿಲ್ಲ. “ಬ್ಯಾಟರಿ ಪಾಪದ್ದು. ಹಳೇದೂ ಪಾಪದ್ದೇ ಇದ್ದಿರಬೇಕು” ಎಂದರು. ನನ್ನವರ ಮುಖ ನೋಡಲು ನನಗೆ ಕಷ್ಟವಾಯಿತು.

ಮುಂದಿನದ್ದಕ್ಕೆ ಮೀಟರನ್ನು ಪಕ್ಕಕ್ಕಿಟ್ಟು ಅವರು ಕೈಗೆತ್ತಿಕೊಂಡದ್ದು ಒಂದು ಸಣ್ಣ ಬಲ್ಬು. ಇಂಡಿಕೇಟರಿನ ಬಲ್ಬಿಗೆ ಎರಡು ವಯರು ಕಟ್ಟಿ, ಒಂದರ ತುದಿಗೆ ಕ್ಲಿಪ್ಪು, ಇನ್ನೊಂದರ ತುದಿಗೆ ಚೂಪು ಮೊಳೆ. ಕ್ಲಿಪ್ಪನ್ನು ಬ್ಯಾಟರಿಯ ಮೈನಸ್ಸಿಗೆ ಸಿಕ್ಕಿಸಿದರು. ಬಟನ್ ಒತ್ತಿದಾಗ ‘ಟಕ್’ ಎನ್ನುವುದು ರಿಲೇ ಎಂಬ ಬೆಂಕಿಪೆಟ್ಟಿಗೆಯಷ್ಟು ದೊಡ್ಡ ಡಬ್ಬಿ. ಬಟನ್ನಿನ ತೆಳು ವಯರಿನಲ್ಲಿ ಬರುವ ಸಣ್ಣ ವಿದ್ಯುತ್ತಿನ ಅಪ್ಪಣೆ ಪಡೆದು, ಬ್ಯಾಟರಿಯ ದೊಡ್ಡ ವಿದ್ಯುತ್ತನ್ನು ಮೋಟಾರಿಗೆ ಬಿಡುವ ದ್ವಾರಪಾಲಕ ಅದು. ಅದರ ಮೋಟಾರಿನ ಕಡೆಯ ಬೋಲ್ಟಿಗೆ ಮೊಳೆ ತಾಗಿಸಿ ಬಟನ್ ಒತ್ತಿಸಿದರು. ಬಲ್ಬು ಝಗ್ಗನೆ ಹೊತ್ತಿತು. ರಿಲೇ ದಾಟಿ ವಿದ್ಯುತ್ತು ಬರುತ್ತಿದೆ. ಮೊಳೆಯನ್ನು ಕೆಳಗೆ ಮೋಟಾರಿನ ಬೋಲ್ಟಿಗೇ ತಾಗಿಸಿದರು. ಅಲ್ಲೂ ಹೊತ್ತಿತು. ಮೋಟಾರಿನ ಬಾಗಿಲವರೆಗೂ ವಿದ್ಯುತ್ತು ಬಂದಿದೆ, ಆದರೂ ಮೋಟಾರು ತಿರುಗುತ್ತಿಲ್ಲ.

“ಹಾಗಾದರೆ ಮೋಟಾರೇ ಹೋಗಿದೆ” ಎಂದರು ನನ್ನವರು ಸಣ್ಣ ದನಿಯಲ್ಲಿ. ವರ್ಕ್‌ಶಾಪಿನವರು ಹೇಳಿದ್ದೇ ನಿಜವಾಯಿತಲ್ಲ ಎಂದು ನನಗೂ ಅನಿಸಿತು. ಮೆಕ್ಯಾನಿಕ್ ತಲೆಯಲ್ಲಾಡಿಸಿದರು. “ಹೋಗುವ ದಾರಿ ನೋಡಿದೆವು. ಬರುವ ದಾರಿ ನೋಡಲಿಲ್ಲ.”

ಅವರು ಕ್ಲಿಪ್ಪನ್ನು ಬ್ಯಾಟರಿಯ ಮೈನಸ್ಸಿನಲ್ಲೇ ಬಿಟ್ಟು, ಮೊಳೆಯನ್ನು ಎಂಜಿನ್ನಿನ ಬರಿಯ ಲೋಹದ ಮೈಗೆ ಒತ್ತಿ ಹಿಡಿದರು. “ಈಗ ಒತ್ತು.” ಬಲ್ಬು ಹೊತ್ತಿತು! ಹೊತ್ತಬಾರದಿತ್ತು. ಎಂಜಿನ್ನಿನ ಮೈ ಮತ್ತು ಬ್ಯಾಟರಿಯ ಮೈನಸ್ಸು ಎರಡೂ ಒಂದು ದಪ್ಪ ವಯರಿನಿಂದ ಸೇರಿಕೊಂಡಿರುತ್ತವೆ. ಅದಕ್ಕೆ ಅರ್ತಿಂಗ್ ಎನ್ನುತ್ತೇವೆ. ಮೋಟಾರಿಗೆ ಹೋದ ವಿದ್ಯುತ್ತು ಎಂಜಿನ್ನಿನ ಮೈಯ ಮೂಲಕ ಆ ವಯರನ್ನು ಹಿಡಿದು ಬ್ಯಾಟರಿಗೆ ಹಿಂದಿರುಗಬೇಕು. ಆ ದಾರಿ ಚೆನ್ನಾಗಿದ್ದರೆ ವಿದ್ಯುತ್ತು ಬಲ್ಬಿನ ಕಡೆ ತಿರುಗಿಯೂ ನೋಡುವುದಿಲ್ಲ. ದಾರಿ ಕಟ್ಟಿಕೊಂಡಿದ್ದರಿಂದ, ಸಿಕ್ಕಿದ್ದೇ ಸಾಕೆಂದು ಬಲ್ಬಿನಲ್ಲಿ ನುಗ್ಗಿತ್ತು. ಎರಡು ರೂಪಾಯಿಯ ಮೊಳೆಯ ತುದಿಯಲ್ಲಿ ರೋಗ ಸಿಕ್ಕಿಬಿದ್ದಿತ್ತು.

ಖಚಿತ ಮಾಡಿಕೊಳ್ಳಲು ಒಂದು ದಪ್ಪ ವಯರಿನ ಒಂದು ತುದಿಯನ್ನು ಬ್ಯಾಟರಿಯ ಮೈನಸ್ಸಿಗೂ ಇನ್ನೊಂದನ್ನು ಎಂಜಿನ್ನಿಗೂ ಹಿಡಿದು ಬಟನ್ ಒತ್ತಿಸಿದರು. ಮೂರು ತಿಂಗಳಿಂದ ಸತಾಯಿಸುತ್ತಿದ್ದ ಬೈಕು ಮೊದಲ ಸ್ಪರ್ಶಕ್ಕೇ ಗುರ್ ಎಂದಿತು. ಮೋಟಾರಿಗೆ ಏನೂ ಆಗಿರಲಿಲ್ಲ. ಮೂರು ಸಾವಿರ ಎಂದಿದ್ದರಲ್ಲ, ಅದೇ ಮೋಟಾರು.

ಅರ್ತಿಂಗ್ ವಯರನ್ನು ಎಂಜಿನ್ನಿಗೆ ಬಿಗಿದ ಬೋಲ್ಟು ಕೆಳಗೆ, ಚಕ್ರದ ಕೆಸರು ಎರಚುವ ಜಾಗದಲ್ಲಿತ್ತು. ಅವರು ಮೊದಲು ಬ್ಯಾಟರಿಯ ಮೈನಸ್ ಕೊಂಡಿಯನ್ನು ಕಳಚಿದರು. ಯಾವತ್ತೂ ಮೈನಸ್ಸನ್ನೇ ಮೊದಲು ತೆಗೆಯಬೇಕು, ಹಾಕುವಾಗ ಅದನ್ನೇ ಕೊನೆಗೆ ಹಾಕಬೇಕು. ಪ್ಲಸ್ಸನ್ನು ಮೊದಲು ಬಿಚ್ಚಲು ಹೋಗಿ ಸ್ಪ್ಯಾನರ್ ಬೈಕಿನ ಮೈಗೆ ತಾಗಿದರೆ ಕಿಡಿ ಹಾರುತ್ತದೆ. ಆಮೇಲೆ ಕೆಳಗಿನ ಬೋಲ್ಟನ್ನು ಬಿಚ್ಚಿದರು. ವಯರಿನ ತುದಿಯ ಬಳೆ ಹಸಿರು ಬಿಳಿ ಪುಡಿಯಿಂದ ತುಂಬಿತ್ತು. ಬೋಲ್ಟಿನ ಕೆಳಗಿನ ಲೋಹ ತುಕ್ಕಿನಲ್ಲಿ ಮುಚ್ಚಿಹೋಗಿತ್ತು. “ನಿಮ್ಮ ಕಡಲಿನ ಗಾಳಿ” ಎಂದರು ಅವರು. ಉಪ್ಪುಗಾಳಿ, ಮಳೆ, ಕೆಸರು ಮೂರೂ ಸೇರಿದರೆ ನಮ್ಮ ಕರಾವಳಿಯಲ್ಲಿ ಲೋಹಕ್ಕೆ ಆಯುಷ್ಯ ಕಡಿಮೆ ಎಂಬುದು ಕಿಟಕಿಯ ಸರಳು ನೋಡಿದವರಿಗೆಲ್ಲ ಗೊತ್ತು.

ಮರಳು ಕಾಗದದಿಂದ ಬಳೆಯನ್ನೂ ನೆಲೆಯನ್ನೂ ಬೆಳ್ಳಿಯಂತೆ ಹೊಳೆಯುವವರೆಗೆ ಉಜ್ಜಿದರು. ಹಲ್ಲಿರುವ ವಾಷರ್ ಹಾಕಿ ಬಿಗಿದರು. ಮೇಲಿಂದ ತೆಳುವಾಗಿ ವ್ಯಾಸಲೀನ್ ಸವರಿದರು, ನೀರು ಒಳಹೋಗದಂತೆ. ಬ್ಯಾಟರಿಯ ಕೊಂಡಿಗಳನ್ನೂ ಹಾಗೆಯೇ ಮಾಡಿದರು. ಮತ್ತೆ ಬಲ್ಬು ಹಿಡಿದು ಬಟನ್ ಒತ್ತಿಸಿದರು. ಎಂಜಿನ್ ಎದ್ದಿತು, ಬಲ್ಬು ಕತ್ತಲಾಗಿಯೇ ಉಳಿಯಿತು. ಎಂಜಿನ್ ಸ್ವಲ್ಪ ಏರಿಸಿ ಬ್ಯಾಟರಿಗೆ ಮೀಟರ್ ಹಿಡಿದರೆ 14ರ ಹತ್ತಿರ ತೋರಿಸಿತು. ಚಾರ್ಜಿಂಗ್ ಕೂಡ ಸರಿಯಿದೆ ಎಂದರ್ಥ. ಅಲ್ಲಿ 13ಕ್ಕಿಂತ ಮೇಲೇರದಿದ್ದರೆ ಹೊಸ ಬ್ಯಾಟರಿ ಹಾಕಿದರೂ ಕೆಲವು ದಿನಗಳಲ್ಲಿ ಅದು ಖಾಲಿಯಾಗುತ್ತದೆ. ಎಲ್ಲಕ್ಕೂ ಸೇರಿ ಅವರು ಕೇಳಿದ್ದು ನೂರೈವತ್ತು ರೂಪಾಯಿ.

ಮೂರು ವಾರ ಸರಿಯಿದ್ದದ್ದೇಕೆ ಎಂದು ನನ್ನವರು ಕೇಳಿದರು. ಬ್ಯಾಟರಿ ಹಾಕುವಾಗ ವಯರುಗಳನ್ನು ಎಳೆದಾಡಿದ್ದರಿಂದ ಆ ಕೊಂಡಿ ಸ್ವಲ್ಪ ಅಲುಗಿ ಲೋಹಕ್ಕೆ ಲೋಹ ತಾಗಿತ್ತು, ಮತ್ತೆ ತುಕ್ಕು ಹಿಡಿಯಿತು ಎಂಬುದು ಅವರ ಊಹೆ. ಹಾಗಾದರೆ ಹಾರ್ನ್ ಹೇಗೆ ಮೊಳಗಿತು? ಅದಕ್ಕೂ ಉತ್ತರವಿದೆ. ಹಾರ್ನಿಗೂ ದೀಪಕ್ಕೂ ಕೆಲವೇ ಆಂಪಿಯರ್ ಸಾಕು. ಅವುಗಳಿಗೆ ಹಿಂದಿರುಗಲು ಬೇರೆಯೇ ಸಣ್ಣ ವಯರೂ ಇತ್ತು. ಸ್ಟಾರ್ಟರ್ ಮೋಟಾರು ಹತ್ತಾರು ಆಂಪಿಯರ್ ಒಮ್ಮೆಲೇ ಕೇಳುತ್ತದೆ. ತುಕ್ಕು ಹಿಡಿದ ನಲ್ಲಿಯಲ್ಲಿ ಲೋಟ ತುಂಬಿಸಬಹುದು, ಮದುವೆ ಮನೆಯ ಹಂಡೆ ತುಂಬಿಸಲಾಗದು.

ಆ ಸಂಜೆ ಅವರಿಂದ ಕೇಳಿ ತಿಳಿದ ಇನ್ನೆರಡು ಸದ್ದುಗಳನ್ನೂ ನಿಮಗೆ ಹೇಳಬೇಕು. ಬಟನ್ ಒತ್ತಿದಾಗ ‘ಟಕಟಕಟಕ’ ಎಂದು ಹಲ್ಲು ಕಟಕಟಿಸಿದಂತೆ ಕೇಳಿದರೆ ಅದು ಬಹುತೇಕ ಬ್ಯಾಟರಿಯ ಹಸಿವು. ರಿಲೇ ಹಿಡಿಯುತ್ತದೆ, ಮೋಟಾರು ಎಳೆಯುತ್ತದೆ, ವೋಲ್ಟೇಜು ಕುಸಿದು ರಿಲೇ ಬಿಡುತ್ತದೆ, ಬಿಟ್ಟೊಡನೆ ಬ್ಯಾಟರಿ ಚೇತರಿಸಿ ಮತ್ತೆ ಹಿಡಿಯುತ್ತದೆ. ಮೋಟಾರು ‘ಸುಂಯ್’ ಎಂದು ಹಗುರವಾಗಿ ತಿರುಗಿ ಎಂಜಿನ್ ಅಲುಗದಿದ್ದರೆ ವಿದ್ಯುತ್ತಿನದಲ್ಲ, ಮೋಟಾರನ್ನು ಎಂಜಿನ್ನಿಗೆ ಜೋಡಿಸುವ ಒನ್ ವೇ ಕ್ಲಚ್ಚಿನ ತೊಂದರೆ. ಅದು ದಾರಿಬದಿಯಲ್ಲಿ ಆಗುವ ಕೆಲಸವಲ್ಲ. ಒಂದೇ ‘ಟಕ್’ ಎಂದು ಸುಮ್ಮನಾದರೆ ಅರ್ತಿಂಗ್, ರಿಲೇಯ ಒಳಗೆ ಸುಟ್ಟ ತುದಿಗಳು, ಮೋಟಾರಿನ ಸವೆದ ಕಾರ್ಬನ್ ಬ್ರಷ್ ಇವುಗಳನ್ನು ಈ ಅನುಕ್ರಮದಲ್ಲೇ ನೋಡಿಸಿ. ಅಗ್ಗದ್ದರಿಂದ ದುಬಾರಿಯ ಕಡೆಗೆ. ಕೆಲವರು ರಿಲೇಯ ಎರಡು ಬೋಲ್ಟುಗಳನ್ನು ಸ್ಕ್ರೂಡ್ರೈವರಿನಿಂದ ಸೇರಿಸಿ ಪರೀಕ್ಷಿಸುವುದುಂಟು. ಆಗ ದೊಡ್ಡ ಕಿಡಿ ಹಾರುತ್ತದೆ, ಬೈಕು ಗೇರಿನಲ್ಲಿದ್ದರೆ ಮುಂದಕ್ಕೆ ಹಾರುತ್ತದೆ. ಪೆಟ್ರೋಲ್ ಟ್ಯಾಂಕಿನ ಪಕ್ಕದಲ್ಲಿ ಮಾಡುವ ಕೆಲಸವಲ್ಲ ಅದು, ಮನೆಯಲ್ಲಿ ಯಾರೂ ಪ್ರಯತ್ನಿಸಬೇಡಿ.

ಈ ಪುಟ್ಟ ಬಟನ್ನನ್ನು ನಾವು ಹಗುರವಾಗಿ ಕಾಣುತ್ತೇವೆ. ಮೊದಲ ಕಾಲದ ಕಾರುಗಳನ್ನು ಮುಂದೆ ನಿಂತು ಕಬ್ಬಿಣದ ಹಿಡಿಕೆ ತಿರುಗಿಸಿ ಎಬ್ಬಿಸಬೇಕಿತ್ತು, ಅದು ಹಿಂದಕ್ಕೆ ಒದ್ದು ಕೈ ಮುರಿದವರುಂಟು. ಅಮೆರಿಕದ ಚಾರ್ಲ್ಸ್ ಕೆಟರಿಂಗ್ ರೂಪಿಸಿದ ವಿದ್ಯುತ್ ಸ್ಟಾರ್ಟರ್ 1912ರ ಕ್ಯಾಡಿಲಾಕ್ ಕಾರುಗಳಲ್ಲಿ ಬಂದ ಮೇಲೆ ಹೆಂಗಸರೂ ಯಾರ ಹಂಗಿಲ್ಲದೆ ಕಾರು ಹೊರಡಿಸುವಂತಾಯಿತು. ನಮ್ಮಲ್ಲಿ 1984ರಲ್ಲಿ ಬಂದ ಕೈನೆಟಿಕ್ ಹೋಂಡಾ ಸ್ಕೂಟರ್ ಅದೇ ಕೆಲಸ ಮಾಡಿತು. ಅದಕ್ಕೆ ಮುಂಚಿನ ಸ್ಕೂಟರುಗಳನ್ನು ಒಂದು ಬದಿಗೆ ವಾಲಿಸಿ, ಆಮೇಲೆ ಕಾಲಿನ ಬಲವೆಲ್ಲ ಹಾಕಿ ಒದೆಯುತ್ತಿದ್ದುದನ್ನು ಹಿರಿಯ ಓದುಗರು ಮರೆತಿರಲಾರರು. ಸೀರೆಯಲ್ಲಿ, ಬುರ್ಖಾದಲ್ಲಿ ಆ ಒದೆತ ಆಗುವುದಿಲ್ಲ. ಇಂದು ನಮ್ಮ ಊರುಗಳಲ್ಲಿ ಶಾಲೆಗೆ ಹೋಗುವ ಟೀಚರ್, ಮಕ್ಕಳನ್ನು ಟ್ಯೂಷನ್ನಿಗೆ ಬಿಡುವ ತಾಯಿ ಸ್ಕೂಟರಿನಲ್ಲಿ ಹೋಗುತ್ತಿದ್ದರೆ ಅದರ ಹಿಂದೆ ಹೆಬ್ಬೆರಳಿನಡಿಯ ಈ ಬಟನ್ನಿನ ಪಾಲು ದೊಡ್ಡದು. ಹಾಗಿರುವಾಗ ಅದರ ಒಳಗೇನಿದೆ ಎಂದು ತಿಳಿಯುವ ಕೆಲಸವನ್ನು ಪೂರ್ತಿಯಾಗಿ ಗಂಡಸರಿಗೇ ಬಿಟ್ಟಿರುವುದೇಕೆಂದು ನನಗೆ ಅರ್ಥವಾಗುವುದಿಲ್ಲ.

ಕೊಟ್ಟಿಗೆಹಾರ ಬಿಟ್ಟಾಗ ಕತ್ತಲಾಗಿತ್ತು. ಬಣಕಲ್ ಪೇಟೆಯ ದೀಪಗಳು, ಆಮೇಲೆ ಕಾಫಿ ತೋಟಗಳ ನಡುವಿನ ದಾರಿ. ಎಂಟು ಗಂಟೆಗೆ ಚಿಕ್ಕಮ್ಮನ ಮನೆ ಸೇರಿದೆವು. ಅವರು ಬಾಗಿಲಲ್ಲೇ ಕಾದು ನಿಂತಿದ್ದರು. ಮರುದಿನದ ಶಸ್ತ್ರಚಿಕಿತ್ಸೆ ಸುಸೂತ್ರವಾಯಿತು. ಕಣ್ಣಿನ ಪಟ್ಟಿ ಬಿಚ್ಚಿದ ಮೇಲೆ, ನನ್ನ ಮುಖವನ್ನು ಬಹಳ ಹೊತ್ತು ನೋಡಿ, “ಇಷ್ಟು ದಪ್ಪ ಆಗಿದ್ದೀಯಾ!” ಎಂದರು.

ನೀವು ಚಾರ್ಮಾಡಿಗೆ ಹೋಗುವುದಿದ್ದರೆ ಮಳೆ ನಿಂತ ಮೇಲಿನ ದಿನಗಳು ಒಳ್ಳೆಯವು. ಅಬ್ಬಿಗಳಲ್ಲಿ ನೀರಿರುತ್ತದೆ, ರಸ್ತೆಯಲ್ಲಿ ಇರುವುದಿಲ್ಲ. ಬೆಳಿಗ್ಗೆ ಹೊರಟು ಮಧ್ಯಾಹ್ನದೊಳಗೆ ಘಟ್ಟ ದಾಟಿಬಿಡಿ. ಭಾರೀ ಮಳೆಯಿದ್ದರೆ ರಸ್ತೆ ತೆರೆದಿದೆಯೇ ಎಂದು ಕಕ್ಕಿಂಜೆಯಲ್ಲೋ ಚಾರ್ಮಾಡಿಯಲ್ಲೋ ಕೇಳಿಕೊಂಡೇ ಹತ್ತಿ. ಫೋಟೋಕ್ಕೆಂದು ನಿಲ್ಲಿಸುವುದಾದರೆ ತಿರುವಿನಲ್ಲಿ ಬೇಡ. ಬೈಕು ಸ್ವಲ್ಪವಾದರೂ ಸಂಶಯ ಹುಟ್ಟಿಸುತ್ತಿದ್ದರೆ ಹಿಂದಿನ ದಿನವೇ ಸೀಟು ತೆಗೆದು ಬ್ಯಾಟರಿಯ ಎರಡು ಕೊಂಡಿಗಳನ್ನು ಕೈಯಿಂದ ಅಲುಗಿಸಿ ನೋಡಿ, ಬಿಳಿ ಹಸಿರು ಪುಡಿಯಿದ್ದರೆ ಉಜ್ಜಿ ಬಿಗಿಯಿರಿ. ಮೈನಸ್ಸಿನ ಕಪ್ಪು ವಯರು ಎಲ್ಲಿಗೆ ಹೋಗಿ ಸೇರುತ್ತದೆಂದು ಹುಡುಕಿ ಆ ತುದಿಯನ್ನೂ ನೋಡಿ. ನಾನು ಮನೆಗೆ ಬಂದ ಮರುದಿನ ನನ್ನ ಸ್ಕೂಟರಿನಲ್ಲಿ ಹುಡುಕಿದೆ. ಪ್ಲಸ್ ಕೊಂಡಿಯಲ್ಲಿ ಹುರಿಗಡಲೆಯಷ್ಟು ದಪ್ಪದ ಬಿಳಿ ಪುಡಿಯಿತ್ತು. ಸೀಟಿನಡಿಯಲ್ಲಿ ಈಗ ಒಂದು ಹತ್ತರ ಸ್ಪ್ಯಾನರ್, ಅಂಗೈಯಗಲ ಮರಳು ಕಾಗದ, ಖಾಲಿಯಾಗುತ್ತಾ ಬಂದ ವ್ಯಾಸಲೀನ್ ಡಬ್ಬಿ, ಮತ್ತು ನನ್ನವರು ಹಳೆಯ ಇಂಡಿಕೇಟರ್ ಬಲ್ಬಿಗೆ ವಯರು ಕಟ್ಟಿ ಮಾಡಿಕೊಟ್ಟ ದೀಪ ಇವೆ.